ಅಕ್ಕನ ಕೈಮೇಲಿದ್ದ ತೊಟ್ಟಿಲು

ನಾನು ಚಿಕ್ಕವನಿದ್ದಾಗ ಫ್ಯಾಷನ್ ಅನ್ನುವುದು ನಮ್ಮೂರಿಗೆ ಹೊನ್ನಾಳಿಯಿಂದ ಬಸ್ಸು ಹತ್ತಿ ಬರುತ್ತಿತ್ತು. ನಗಬೇಡಿ ಮಕ್ಕಳೇ, ನಿಜವಾಗಿಯೂ ಹಾಗೇ. ನಮ್ಮ ಗೋವಿನಕೋವಿಯಲ್ಲಿ ನಿಂತ ಬಸ್ಸಿನಿಂದ ಒಂದು ದಿನ ನೈಲಾನ್ ರಿಬ್ಬನ್ ಇಳಿಯುತ್ತಿತ್ತು, ಇನ್ನೊಂದು ದಿನ ಪಫ್ ತೋಳಿನ ರವಿಕೆ. ಹೊನ್ನಾಳಿಗೆ ಅದು ದಾವಣಗೆರೆಯಿಂದ ಬರುತ್ತಿತ್ತಂತೆ, ದಾವಣಗೆರೆಗೆ ಎಲ್ಲಿಂದಲೋ. ನಮ್ಮ ಪಾಲಿಗಂತೂ ಹೊನ್ನಾಳಿಯೇ ದೊಡ್ಡ ಪೇಟೆ. ಅಲ್ಲಿಯವರು ಚೆಂದ ಅಂದದ್ದು ಚೆಂದ, ಛೀ ಅಂದದ್ದು ಛೀ.

ನನ್ನ ಅಕ್ಕ ಅದೇ ಹೊನ್ನಾಳಿಯ ಹೈಸ್ಕೂಲಿಗೆ ಹೋಗುತ್ತಿದ್ದಳು. ನಾನು ಮಾತು ಕಲಿಯುವ ಮೊದಲೇ ಅವ್ವ ತೀರಿಕೊಂಡಿದ್ದಳು. ಅವಳದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಇದ್ದದ್ದು ಅಕ್ಕನ ಮಣಿಕಟ್ಟಿನ ಮೇಲಿನ ಒಂದು ಹಚ್ಚೆ. ಹಸಿರು ಬಣ್ಣದ ಪುಟ್ಟ ತೊಟ್ಟಿಲು, ಅದರ ಸುತ್ತ ಚುಕ್ಕಿ. ಅಕ್ಕ ತೀರಾ ಸಣ್ಣವಳಿದ್ದಾಗ ಹಚ್ಚೆ ಹಾಕುವ ಹೆಂಗಸು ನಮ್ಮ ಮನೆಯ ಕಟ್ಟೆಗೆ ಬಂದು ಕೂತಿದ್ದಳಂತೆ. ಅವ್ವ ಮೊದಲು ತನ್ನ ಕೈಗೆ ತೊಟ್ಟಿಲು ಹಾಕಿಸಿಕೊಂಡು, ಆಮೇಲೆ ಕಿರುಚಾಡುತ್ತಿದ್ದ ಅಕ್ಕನನ್ನು ತೊಡೆಯ ಮೇಲೆ ಅದುಮಿ ಹಿಡಿದು, ಅವಳಿಗೂ ಅದನ್ನೇ ಹಾಕಿಸಿದಳಂತೆ. "ಅಳಬ್ಯಾಡ ನನ್ನವ್ವಾ. ನಾಳೆ ಸತ್ತು ಮ್ಯಾಲೆ ಹೋದಾಗ ಇದ್ನ ನೋಡೇ ನಾನು ನಿನ್ನ ಗುರ್ತು ಹಿಡೀತೀನಿ" ಎಂದಿದ್ದಳಂತೆ.

ನನಗೆ ಅವ್ವ ಅಂದರೆ ಆ ಹಚ್ಚೆ. ಅದರ ಮೇಲೆ ಬೆರಳಿಟ್ಟುಕೊಳ್ಳದಿದ್ದರೆ ನಿದ್ದೆ ಹತ್ತುತ್ತಿರಲಿಲ್ಲ. ಅಕ್ಕ ಆ ಕಡೆ ಹೊರಳಿದರೆ ನಾನೂ ಅವಳ ಮೇಲಿನಿಂದ ದಾಟಿ ಆ ಕಡೆಗೇ ಹೋಗಿ ಮಲಗುತ್ತಿದ್ದೆ.

ಆದರೆ ಹೊನ್ನಾಳಿಯಲ್ಲಿ ಆಗ ಹಚ್ಚೆ ಫ್ಯಾಷನ್ ಅಲ್ಲ. ಅದು ಮುದುಕಿಯರದ್ದು, ಹಳ್ಳಿಗುಗ್ಗುಗಳದ್ದು. ಕ್ಲಾಸಿನ ಹುಡುಗಿಯರು ಅಕ್ಕನಿಗೆ 'ಅಜ್ಜಿ' ಎಂದು ಹೆಸರಿಟ್ಟರು. ಅವಳು ಒಳಗೆ ಕಾಲಿಟ್ಟರೆ ಸಾಕು, "ಏ, ಅಜ್ಜಿ ಬಂತು, ಜಾಗ ಬಿಡ್ರೇ!" ಅಂತ ಕಿಸಕ್ಕನೆ ನಗುತ್ತಿದ್ದರಂತೆ. ಈಗ ನೆನೆಸಿಕೊಂಡರೂ ಆ ಹುಡುಗಿಯರ ಮೇಲೆ ನನಗೆ ಸಿಟ್ಟು ಬರುತ್ತದೆ. ಅವರೂ ಈಗ ಅಜ್ಜಿಯರೇ ಆಗಿರಬೇಕು, ಬಿಡಿ.

ಒಂದು ಸಂಜೆ ಅಕ್ಕ ಪುಸ್ತಕದ ಚೀಲ ಮೂಲೆಗೆ ಎಸೆದು, "ನಾನಿನ್ನು ಸ್ಕೂಲಿಗೆ ಹೋಗಲ್ಲಪ್ಪಾ" ಎಂದು ಎಲ್ಲ ಹೇಳಿಕೊಂಡು ಅತ್ತಳು. ಅಪ್ಪ ಎಲೆಗೆ ಸುಣ್ಣ ಸವರುತ್ತಿದ್ದವನು ಹಾಗೇ ಅವಳ ಕೈ ಹಿಡಿದು ನೋಡಿದ. ಹಚ್ಚೆಯ ಮೇಲೆ ಹೆಬ್ಬೆರಳು ಅಡ್ಡ ಇಟ್ಟು ತೆಗೆದ. ಮರುದಿನ ಬೆಳಗ್ಗೆ ಎದ್ದವನೇ ಹೊನ್ನಾಳಿ ಬಸ್ಸು ಹತ್ತಿದ. ಯಾಕೆ ಅಂತ ನಮಗೂ ಹೇಳಲಿಲ್ಲ. ಹೇಳಿ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು!

ಅಕ್ಕ ಆ ದಿನ ರೊಟ್ಟಿ ಬಡಿದು, ನನಗೆ ಬಿಸಿಬಿಸಿ ರೊಟ್ಟಿಗೆ ಬೆಣ್ಣೆ ಸವರಿ ತಿನ್ನಿಸಿದಳು. ಆಮೇಲೆ ಅಪ್ಪನ ಸುಣ್ಣದ ಡಬ್ಬಿ ತೆಗೆದುಕೊಂಡು ಹಿತ್ತಲಿಗೆ ಹೋದಳು. ಸುಣ್ಣಕ್ಕೆ ಏನೋ ಪುಡಿ ಕಲಸಿದಳು. ಯಾರೋ ಹೇಳಿಕೊಟ್ಟಿದ್ದರಂತೆ, ಅವರ ಬಾಯಿಗಿಷ್ಟು ಮಣ್ಣು ಹಾಕ.

"ಏನಕ್ಕಾ ಅದು?"

"ಔಷಧಿ ಕಣೋ. ಅಜ್ಜಿ ಆಗೀನಲ್ಲ, ಅದುಕ್ಕೆ."

ಅದನ್ನು ಹಚ್ಚೆಯ ಮೇಲೆ ಮೆತ್ತಿ ಬಟ್ಟೆ ಕಟ್ಟಿದಳು. ಸ್ವಲ್ಪ ಹೊತ್ತಿಗೇ ದಾವಣಿಯ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹಿತ್ತಲಲ್ಲಿ ಹುಣಸೆ ಹೂವಿನ ವಾಸನೆ, ಅದರ ಜೊತೆ ಮೂಗು ಉರಿಸುವ ಇನ್ನೊಂದು ವಾಸನೆ. ಅಕ್ಕನ ಕಣ್ಣಿಂದ ನೀರು ಧಾರಾಕಾರ. ನಾನು ಬಟ್ಟೆಯ ಮೇಲಿಂದಲೇ ಉಫ್ ಉಫ್ ಅಂತ ಊದಿದೆ. ಕೊನೆಗೆ ಅಕ್ಕ ತಡೆಯಲಾರದೆ ಬಿಚ್ಚಿ ನೀರು ಹುಯ್ದುಕೊಂಡಾಗ ಬಟ್ಟೆಯ ಜೊತೆ ಚರ್ಮವೂ ಬಂತು. ತೊಟ್ಟಿಲು ಇರಲಿಲ್ಲ. ಕೆಂಪಗೆ ಬೆಂದ ಗಾಯ ಇತ್ತು.

"ನಮ್ಮವ್ವನ್ನ ಏನ್ ಮಾಡ್ದೆ? ಎಲ್ಲಿ ನಮ್ಮವ್ವ?" ಎಂದು ನಾನು ಕಿರುಚಿಕೊಂಡೆ. ಅಕ್ಕನ ಮುಖ ಬಿಳಿಚಿತು. ಅವಳು ಅಲ್ಲಿಯವರೆಗೆ ಆ ಹುಡುಗಿಯರ ನಗು ಬಿಟ್ಟು ಬೇರೇನನ್ನೂ ಯೋಚಿಸಿರಲಿಲ್ಲ. ಇಬ್ಬರೂ ಬಾವಿಕಟ್ಟೆಯ ಹತ್ತಿರ ಕೂತು ಅತ್ತೆವು.

ಸಂಜೆ ಬಸ್ಸಿಗೆ ಅಪ್ಪ ಬಂದ. ಅಷ್ಟು ನಗುಮುಖದ ಅಪ್ಪನನ್ನು ನಾನು ನೋಡಿಯೇ ಇರಲಿಲ್ಲ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ವಾಚು! ರಿಪೇರಿ ಅಂಗಡಿಯಲ್ಲಿ ಸಿಕ್ಕಿದ ಹಳೆಯ ವಾಚೇ, ಆದರೆ ಚರ್ಮದ ಬೆಲ್ಟು ಹೊಸದು, ಅಂಗೈಯರ್ಧ ಅಗಲ.

"ಕಟ್ಕೋ ಯವ್ವಾ. ಬೇಕಂತ್ಲೇ ಅಗಲಂದು ಹುಡ್ಕಿ ತಂದೀನಿ, ಹಚ್ಚೆ ಪೂರ್ತಿ ಮುಚ್ತೈತೆ. ನಿನ್ನ ಫ್ಯಾಷನ್ನೂ ಆತು, ನಿಮ್ಮವ್ವನ್ನ ಉಳಿಸ್ಕಂಡಂಗೂ ಆತು."

ಅಕ್ಕ ಬೆನ್ನ ಹಿಂದೆ ಬಚ್ಚಿಟ್ಟಿದ್ದ ಕೈಯನ್ನು ಮುಂದೆ ಚಾಚಿದಳು. ಅಪ್ಪ ನೋಡಿದ. ವಾಚು ಹಿಡಿದುಕೊಂಡೇ ನೆಲದ ಮೇಲೆ ಕುಸಿದು ಕೂತ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. "ಬಾಳ ಉರೀತೈತೇನವ್ವಾ?" ಅಂತ ಕೇಳಿ, ಅವಳ ಕೈ ಹತ್ತಿರಕ್ಕೆಳೆದುಕೊಂಡು ಊದತೊಡಗಿದ. ಆಮೇಲೆ ಎದ್ದು ಸುಣ್ಣದ ಡಬ್ಬಿಯನ್ನು ತಿಪ್ಪೆಗೆ ಎಸೆದು ಬಂದ. ಸಾಯುವವರೆಗೂ ಅಪ್ಪ ಎಲೆಅಡಿಕೆ ಮುಟ್ಟಲಿಲ್ಲ.

ಗಾಯ ಮಾಯ್ದು ದೊಡ್ಡ ಕಲೆ ಉಳಿಯಿತು. ಅದರ ಮೇಲೆ ವಾಚು ಕಟ್ಟಿಕೊಂಡು ಅಕ್ಕ ಮತ್ತೆ ಸ್ಕೂಲಿಗೆ ಹೋದಳು. ಹುಡುಗಿಯರು ಟೈಮ್ ಎಷ್ಟು ಅಂತ ಕೇಳಿಕೊಂಡು ಹತ್ತಿರ ಬಂದರಂತೆ. ನಾನು ಮಾತ್ರ ಆಮೇಲೆ ಎಷ್ಟೋ ದಿನ ಗೋಡೆಯ ಕಡೆ ತಿರುಗಿ ಮಲಗಿದೆ.

ಇದೆಲ್ಲ ಯಾಕೆ ಹೇಳಿದೆ ಗೊತ್ತೇ? ಈಗ ಫ್ಯಾಷನ್ ಬಸ್ಸಿಗೆ ಕಾಯುವುದಿಲ್ಲ. ನಿಮ್ಮ ಮೊಬೈಲಿಗೆ ಬರುತ್ತದೆ, ಹೊನ್ನಾಳಿಗೂ ನಮ್ಮೂರಿಗೂ ಒಂದೇ ದಿನ ಬರುತ್ತದೆ, ಒಂದೇ ದಿನ ಹೋಗುತ್ತದೆ. ಮೊನ್ನೆ ನಿಮ್ಮಲ್ಲಿ ದೊಡ್ಡವಳು ಮಣಿಕಟ್ಟಿಗೆ ಟ್ಯಾಟೂ ಅಂಟಿಸಿಕೊಂಡು ಬಂದಳಲ್ಲ, ಸೋಪು ಹಾಕಿದರೆ ಹೋಗುವಂಥದ್ದು. ಅದೇ ದಿನ ನನ್ನ ಅಕ್ಕನ ಕೈ ನೋಡಿ, "ಅಜ್ಜಿ, ನಿಂತುಹೋದ ವಾಚು ಯಾಕೆ ಕಟ್ತೀಯಾ? ಔಟ್ ಆಫ್ ಫ್ಯಾಷನ್!" ಅಂತ ನೀವೆಲ್ಲ ನಕ್ಕಿರಿ. ಅವಳೂ ನಕ್ಕಳು. ಆದರೆ ನೀವು ಆಟಕ್ಕೆ ಓಡಿದ ಮೇಲೆ ನನ್ನ ಹತ್ತಿರ ಬಂದು ಕೂತಳು.

"ತಮ್ಮಾ, ನಂದೂ ದಿನ ಹತ್ರ ಬಂತು. ಅವ್ವ ನನ್ನ ಹೆಂಗೆ ಗುರ್ತು ಹಿಡೀಬೇಕೋ?"

"ಅಪ್ಪ ವಾಚು ನೋಡಿ ಗುರ್ತು ಹಿಡೀತಾನೆ ಬಿಡಕ್ಕಾ. ಅವ್ವನ್ನ ಅವನೇ ಕರ್ಕಂಡು ಬರ್ತಾನೆ" ಎಂದೆ. ಅಕ್ಕ ಸಡಿಲವಾಗಿದ್ದ ಬೆಲ್ಟನ್ನು ಇನ್ನೊಂದು ತೂತಿಗೆ ಎಳೆದು ಬಿಗಿಯಾಗಿ ಕಟ್ಟಿಕೊಂಡಳು.