ಕೈ ಊರದೆ ಬಿದ್ದದ್ದು

2021ರ ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಅಮೆರಿಕದ ಜಾರ್ಜಿಯಾ ರಾಜ್ಯದ ಕಮ್ಮಿಂಗ್‌ನ ನಮ್ಮ ಮನೆಗೆ ಡಾಕ್ಟರ್ ಅಂಕಲ್ ಊಟಕ್ಕೆ ಬಂದಿದ್ದರು. ಕೋವಿಡ್ ಶುರುವಾದ ಮೇಲೆ ನಮ್ಮ ಮನೆಯೊಳಗೆ ಕಾಲಿಟ್ಟ ಮೊದಲ ಅತಿಥಿ ಅವರು. ಈ ಕಡೆಯ ಕನ್ನಡದವರಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ನನ್ನ ಅಪ್ಪನ ವಯಸ್ಸಿನವರು. ಅಟ್ಲಾಂಟಾದಲ್ಲಿ ಹೃದಯದ ಡಾಕ್ಟರಾಗಿ ಕೆಲಸ ಮಾಡಿ ನಿವೃತ್ತರಾದವರು. ಒಂದು ಚೀಲ ಪೀಚ್ ಹಣ್ಣು ತಂದಿದ್ದರು. ಬಾಗಿಲಲ್ಲೇ ನಿಂತು, "ಈ ಮಾಸ್ಕ್ ತೆಗೀಬೇಕೋ ಬೇಡವೋ, ಮನೆ ಯಜಮಾನಿ ಹೇಳ್ಲಿ" ಅಂದರು.

"ತೆಗೀರಿ ಅಂಕಲ್. ಇಲ್ದಿದ್ರೆ ಬಿಸಿಬೇಳೆಬಾತ್ ಹೇಗೆ ತಿಂತೀರಿ?" ಅಂದಳು ನನ್ನ ಹೆಂಡತಿ.

ಟಿವಿಯಲ್ಲಿ ಯುರೋಪಿನ ರಾಷ್ಟ್ರೀಯ ತಂಡಗಳ ಫುಟ್‌ಬಾಲ್ ಟೂರ್ನಿ ನಡೆಯುತ್ತಿತ್ತು. ಹಿಂದಿನ ವರ್ಷ ಆಗಬೇಕಿದ್ದದ್ದು ಮುಂದಕ್ಕೆ ಹೋಗಿತ್ತು. ಒಂದೇ ದೇಶದಲ್ಲಿ ಅಲ್ಲ, ಖಂಡದ ಉದ್ದಗಲಕ್ಕೆ ಬೇರೆ ಬೇರೆ ಊರುಗಳಿಗೆ ಹಂಚಿ ಆಡಿಸುತ್ತಿದ್ದರು. ಅವತ್ತು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ಮತ್ತು ಫಿನ್‌ಲ್ಯಾಂಡ್. ಇಷ್ಟು ದೊಡ್ಡ ಟೂರ್ನಿಗೆ ಫಿನ್‌ಲ್ಯಾಂಡ್ ಬಂದದ್ದು ಅದೇ ಮೊದಲು. ನಮ್ಮ ಹದಿನಾಲ್ಕು ವರ್ಷದ ಮಗಳು ಸೋಫಾದ ತುದಿಗೆ ಜಾರಿಕೊಂಡು ನೋಡುತ್ತಿದ್ದಳು. ಅವಳೂ ಆಡುವವಳು, ಊರಿನ ಹುಡುಗಿಯರ ತಂಡದಲ್ಲಿ ಮಿಡ್‌ಫೀಲ್ಡರ್. ಡೆನ್ಮಾರ್ಕಿನ ಹತ್ತನೇ ನಂಬರಿನವನು ಆಡುವುದೂ ಅದೇ ಜಾಗದಲ್ಲಿ.

"ಇಷ್ಟೊತ್ತು ಓಡಿದ್ರೂ ಒಂದು ಗೋಲ್ ಇಲ್ಲವಲ್ಲೇ," ಅಂದರು ಅಂಕಲ್. "ಕ್ರಿಕೆಟ್ಟಲ್ಲಾದ್ರೆ ಇಷ್ಟೊತ್ತಿಗೆ ಎರಡು ವಿಕೆಟ್ ಬೀಳ್ತಿತ್ತು."

"ಅಂಕಲ್, ಕ್ರಿಕೆಟ್ಟಲ್ಲಿ ಪೀಪಲ್ ಜಸ್ಟ್ ಸ್ಟ್ಯಾಂಡ್. ಲಂಚ್‌ಗೆ ಬೇರೆ ಹೋಗ್ತಾರೆ."

"ಅದಕ್ಕೇ ಅದು ಸಭ್ಯರ ಆಟ ಕಣೆ."

ಮೊದಲರ್ಧ ಮುಗಿಯುತ್ತಾ ಬಂದಿತ್ತು. ಪಕ್ಕದ ಗೆರೆಯಿಂದ ಚೆಂಡು ಒಳಗೆ ಎಸೆದರು. ಹತ್ತನೇ ನಂಬರಿನವನು ಅದರ ಕಡೆ ಎರಡು ಹೆಜ್ಜೆ ಬಂದ, ಮುಂದಕ್ಕೆ ವಾಲಿದ, ಬಿದ್ದ. ಹತ್ತಿರದಲ್ಲಿ ಎದುರಾಳಿ ಯಾರೂ ಅವನನ್ನು ಮುಟ್ಟಿರಲಿಲ್ಲ. ಚೆಂಡು ಅವನ ಕಾಲಿಗೆ ತಗಲಿ ಆಚೆ ಹೋಯಿತು.

ಅಂಕಲ್ ತಟ್ಟೆ ಕೆಳಗಿಟ್ಟು ಎದ್ದು ನಿಂತರು. ಸ್ವಲ್ಪ ಹೊತ್ತಿಗೆ ಮೈದಾನಕ್ಕೆ ಓಡಿಬಂದವರು ಅವನ ಎದೆ ಒತ್ತತೊಡಗಿದರು. ಡೆನ್ಮಾರ್ಕಿನ ಆಟಗಾರರು ಅವನ ಸುತ್ತ ಗೋಡೆಯ ಹಾಗೆ ನಿಂತರು. ಹೆಚ್ಚಿನವರ ಮುಖ ಹೊರಗಡೆಗಿತ್ತು; ಕೆಲವರು ಅಳುತ್ತಿದ್ದರು. ಕ್ಯಾಮೆರಾ ಅವರ ಕಾಲುಗಳ ಸಂದಿಯಲ್ಲಿ ಹುಡುಕುತ್ತಿತ್ತು.

ನಾನು ಬೆಂಗಳೂರಿನ ಒಂದು ಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿ ವರ್ಷಗಟ್ಟಲೆ ಕೂತವನು. ಹೆಂಡತಿಯ ಕೆಲಸದ ವೀಸಾಕ್ಕೆ ಅಂಟಿಕೊಂಡು ಇಲ್ಲಿಗೆ ಬಂದೆ. ಯಾವ ಫೋಟೊ ಹಾಕಬೇಕು, ಯಾವುದನ್ನು ಡ್ರಾಯರಿನಲ್ಲಿ ಇಡಬೇಕು ಎಂದು ಜಗಳವಾಡಿದ್ದು ನೆನಪಿದೆ. ಈ ದೃಶ್ಯವನ್ನು ನಾನಾಗಿದ್ದರೆ ಕತ್ತರಿಸುತ್ತಿದ್ದೆ. ಆದರೂ ರಿಮೋಟ್ ಕೈಯಲ್ಲಿಟ್ಟುಕೊಂಡು ಆಫ್ ಮಾಡಲಿಲ್ಲ.

"ಈಸ್ ಹಿ ಡೆಡ್, ಅಪ್ಪ?"

"ಗೊತ್ತಿಲ್ಲ," ಅಂದೆ. ಗೊತ್ತಾಗುವ ತನಕ ಡೆಸ್ಕಿನಲ್ಲಿ ಬರೆಯುತ್ತಿದ್ದುದೂ ಅಷ್ಟೇ.

ಆಮೇಲೆ ಅವಳು ಯಾರಿಗೂ ಹೇಳದ ಹಾಗೆ, ಟಿವಿಗೇ ಹೇಳುವ ಹಾಗೆ ಅಂದಳು: "ಹಿ ಡಿಡಂಟ್ ಪುಟ್ ಹಿಸ್ ಹ್ಯಾಂಡ್ಸ್ ಔಟ್. ನಾನೂ ಹಾಗೇ ಬಿದ್ದಿದ್ದು."

ಅಂಕಲ್ ಟಿವಿಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದರು. "ಯಾವಾಗ ಬಿದ್ದೆ, ಮಗು?"

ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಎರಡು ವಾರದ ಹಿಂದೆ ಸಂಜೆ ಪ್ರಾಕ್ಟೀಸಿನಲ್ಲಿ ಬಿದ್ದಿದ್ದಳು. ಬಿಸಿಲು ಜೋರಾಗಿತ್ತು, ನೀರು ಸಾಲದೆ ತಲೆ ಸುತ್ತಿರಬೇಕು ಎಂದು ಕೋಚ್ ಹೇಳಿದ್ದ. ಜಾರ್ಜಿಯಾದ ಬೇಸಿಗೆಯಲ್ಲಿ ಮಕ್ಕಳು ಹಾಗೆ ಕುಸಿಯುವುದು ಹೊಸದಲ್ಲ. ಗದ್ದ ಒಡೆದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು, ಎರಡು ದಿನ ಎಳನೀರು ಕುಡಿದು ಮತ್ತೆ ಆಡಲು ಹೋಗಿದ್ದಳು.

ಅಂಕಲ್ ಅವಳ ಗದ್ದದ ಕಲೆ ನೋಡಿದರು. ಅಂಗೈ ಎರಡನ್ನೂ ತಿರುಗಿಸಿ ನೋಡಿದರು. "ಕೈಗೆ, ಮಂಡಿಗೆ ಏನೂ ತರಚಿರಲಿಲ್ವಾ?"

"ಇಲ್ಲ."

"ಬೀಳೋಕೆ ಮುಂಚೆ ಕಣ್ಣು ಕತ್ತಲೆ ಬಂತಾ? ವಾಕರಿಕೆ?"

"ನಥಿಂಗ್. ಐ ವಾಸ್ ರನಿಂಗ್, ಆಮೇಲೆ ಗ್ರಾಸ್ ಬಾಯಲ್ಲಿತ್ತು."

"ಓಡ್ತಾ ಇದ್ಯಾ, ಓಡಿ ನಿಂತಿದ್ಯಾ?"

ಅದು ಅವಳಿಗೆ ನೆನಪಿರಲಿಲ್ಲ. ಅಂಕಲ್ ನನ್ನ ಕಡೆ ನೋಡಿದರು. ನಾನು ಫೋನ್ ತೆಗೆದುಕೊಂಡು ಮನೆಯ ಹಿಂದಿನ ಮರದ ಡೆಕ್ಕಿಗೆ ಹೋದೆ.

ಇದು ನನಗೆ ಗೊತ್ತಿರುವ ಕೆಲಸ. ಯಾರು ನೋಡಿದರು, ಎಲ್ಲಿ ನಿಂತು ನೋಡಿದರು, ನೋಡಿದ್ದೆಷ್ಟು, ಊಹಿಸಿದ್ದೆಷ್ಟು. ಮೊದಲು ಕೋಚಿಗೆ ಫೋನ್ ಮಾಡಿದೆ. ಚೆಂಡಿನ ಹಿಂದೆ ಜೋರಾಗಿ ಓಡುತ್ತಿದ್ದಳು, ಮೊದಲು ಎಡವಿದಳು ಅಂತಲೇ ಅಂದುಕೊಂಡೆ ಎಂದ. ಯಾವುದಕ್ಕೆ ಎಡವಿದಳು ಎಂದು ಕೇಳಿದೆ. ಅಲ್ಲಿ ಏನೂ ಇರಲಿಲ್ಲ ಎಂದ. ನೀರು ಕುಡಿದಿದ್ದಳಾ? ಐದು ನಿಮಿಷದ ಹಿಂದಷ್ಟೇ ಎಲ್ಲರಿಗೂ ವಾಟರ್ ಬ್ರೇಕ್ ಕೊಟ್ಟಿದ್ದನಂತೆ. ಒಬ್ಬನ ಮಾತಿನ ಮೇಲೆ ನಿಲ್ಲಬಾರದೆಂದು, ಅವತ್ತು ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ, ಮಗಳ ತಂಡದ ಜೊತೆಗಾತಿಯೊಬ್ಬಳ ಅಮ್ಮನಿಗೂ ಫೋನ್ ಮಾಡಿದೆ. ಮಗಳು ನಿಲ್ಲಲಿಲ್ಲ, ಓಡುತ್ತಲೇ ಬಿದ್ದಳು ಎಂದು ಆಕೆಯೂ ಹೇಳಿದರು. ಎಬ್ಬಿಸಲು ಹೋದಾಗ ಕಣ್ಣು ತೆರೆದಿತ್ತಂತೆ, ಆದರೆ ನೋಡುತ್ತಿರಲಿಲ್ಲವಂತೆ. "ಐ ಡಿಡಂಟ್ ವಾಂಟ್ ಟು ಸ್ಕೇರ್ ಯೂ" ಅಂದರು.

ಎರಡು ಕಡೆಯಿಂದ ಖಚಿತವಾದ ಸುದ್ದಿ. ಖಚಿತವಾದಾಗ ಆಗುತ್ತಿದ್ದ ಹಳೆಯ ಸಮಾಧಾನ ಆಗಲಿಲ್ಲ; ಡೆಕ್ಕಿನ ಮೆಟ್ಟಿಲ ಮೇಲೆ ಕೂತೆ. ಒಳಗೆ ಹೋಗಿ ಹೇಳುವುದನ್ನು ಎಷ್ಟು ಮುಂದೂಡಬಹುದೋ ಅಷ್ಟು ಮುಂದೂಡಿದೆ.

ಒಳಗೆ ಟಿವಿಯಲ್ಲಿ ಆಟಗಾರನನ್ನು ಹೊತ್ತೊಯ್ಯುತ್ತಿದ್ದರು, ಸುತ್ತಲೂ ಬಟ್ಟೆ ಹಿಡಿದು ಮರೆ ಮಾಡಿದ್ದರು. ನಾನು ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. "ತಲೆ ಸುತ್ತಿ ಬೀಳೋರು ಸಾಮಾನ್ಯವಾಗಿ ಕೈ ಊರ್ತಾರೆ. ಓಡ್ತಾ ಓಡ್ತಾನೇ ಹೀಗೆ ಬಿದ್ರೆ ಹಾರ್ಟ್ ನೋಡ್ಬೇಕು," ಅಂದು ಅಂಕಲ್ ನನ್ನ ಹೆಂಡತಿಯನ್ನು ಕೇಳಿದರು: "ನಿಮ್ಮಿಬ್ಬರ ಮನೆ ಕಡೆ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ಯಾರಾದ್ರೂ ಹೋಗಿದಾರಾ? ಫಿಟ್ಸ್ ಅಂತ ಹೇಳಿರಬಹುದು. ನೀರಲ್ಲಿ ಮುಳುಗಿರಬಹುದು."

ಅವಳು ಬಡಿಸುವ ಸೌಟು ಹಿಡಿದುಕೊಂಡೇ ನಿಂತಳು. "ನಮ್ಮಮ್ಮನ ತಮ್ಮ. ನಾನು ಹುಟ್ಟೋಕೆ ಮುಂಚೆ. ಶ್ರೀರಂಗಪಟ್ಟಣದ ಹತ್ತಿರ ಹೊಳೇಲಿ."

"ಈಜು ಬರ್ತಿರಲಿಲ್ವಾ?"

"ಚೆನ್ನಾಗಿ ಬರ್ತಿತ್ತಂತೆ. ಸುಳಿಗೆ ಸಿಕ್ಕಿಹಾಕ್ಕೊಂಡ ಅಂತ ಹೇಳ್ತಾರೆ."

ಅಂಕಲ್ ಜೇಬಿನಿಂದ ಫೋನ್ ತೆಗೆದರು. ಆಮೇಲೆ ಮಗಳಿಗೆ, "ಸೋಮವಾರ ಇಸಿಜಿ ಮಾಡಿಸೋಣ. ನನ್ನ ಹತ್ರ ಕಲಿತವಳೊಬ್ಬಳು ಮಕ್ಕಳ ಹಾರ್ಟ್ ಡಾಕ್ಟರ್ ಇದಾಳೆ, ಈಗಲೇ ಫೋನ್ ಮಾಡ್ತೀನಿ. ಅಲ್ಲೀವರೆಗೆ ಓಡೋ ಹಾಗಿಲ್ಲ, ಈಜೋ ಹಾಗಿಲ್ಲ. ಮತ್ತೆ ಬಿದ್ರೆ ಸೋಮವಾರಕ್ಕೆ ಕಾಯೋ ಹಾಗೂ ಇಲ್ಲ, 911ಗೆ ಫೋನ್ ಮಾಡಿ ಆಂಬುಲೆನ್ಸ್ ಕರೀಬೇಕು" ಅಂದರು.

"ಬಟ್ ಐ ಫೀಲ್ ಫೈನ್."

"ಅವನಿಗೂ ಫೈನೇ ಇತ್ತು, ಮಗು."

"ಅಂಕಲ್, ಹೆದರಿಸ್ಬೇಡಿ ಅವಳನ್ನ," ಅಂದಳು ನನ್ನ ಹೆಂಡತಿ.

"ಹೆದರಿಸ್ತಾ ಇದೀನಿ ಕಣಮ್ಮ. ಹೆದರದೆ ಇದ್ರೆ ಇವಳು ನಾಳೆ ಓಡ್ತಾಳೆ."

ಊಟ ಹಾಗೇ ಉಳಿಯಿತು. ಆ ಆಟಗಾರನಿಗೆ ಎಚ್ಚರವಿದೆ ಎಂದು ಸ್ವಲ್ಪ ಹೊತ್ತಿನ ಮೇಲೆ ಸುದ್ದಿ ಬಂತು. ಎರಡೂ ತಂಡದ ಜನ ಸ್ಟೇಡಿಯಂ ಬಿಟ್ಟಿರಲಿಲ್ಲ. ಒಂದು ಕಡೆಯವರು ಅವನ ಮೊದಲ ಹೆಸರು ಕೂಗಿದರೆ ಇನ್ನೊಂದು ಕಡೆಯವರು ಮನೆಹೆಸರು ಕೂಗುತ್ತಿದ್ದರು. ಅದೇ ದಿನ ಆಟ ಮುಂದುವರಿಸಿದರು. ಫಿನ್‌ಲ್ಯಾಂಡ್ ಒಂದು ಗೋಲಿನಿಂದ ಗೆದ್ದಿತು. ಗೋಲ್ ಹೊಡೆದವನು ಕುಣಿಯಲಿಲ್ಲ.

ಭಾನುವಾರ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಮಗಳು ಮೆಟ್ಟಿಲು ಹತ್ತಿದರೆ ನಾನು ಹಿಂದೆ ಹತ್ತುತ್ತಿದ್ದೆ. ಬಾತ್‌ರೂಮಿನಲ್ಲಿ ನೀರಿನ ಸದ್ದು ನಿಂತು ಅವಳು ಹೊರಗೆ ಬರುವವರೆಗೆ ಬಾಗಿಲ ಹತ್ತಿರ ಬಟ್ಟೆ ಮಡಿಸುತ್ತಿದ್ದೆ, ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದೆ. ಅವಳು ಟವೆಲ್ ಸುತ್ತಿದ ತಲೆ ಹೊರಗೆ ಹಾಕಿ, "ಅಪ್ಪ, ನನ್ನನ್ನ ಬ್ರೇಕಿಂಗ್ ನ್ಯೂಸ್ ಥರ ನೋಡ್ಬೇಡ" ಅಂದಳು. ಅಡುಗೆಮನೆಯಲ್ಲಿ ಹೆಂಡತಿ ನಕ್ಕಳು. ಆ ನಗು ನಡುವೆಯೇ ನಿಂತದ್ದನ್ನೂ ಕೇಳಿಸಿಕೊಂಡೆ.

ಸೋಮವಾರ ಆ ಮಕ್ಕಳ ಹಾರ್ಟ್ ಡಾಕ್ಟರು ಇಸಿಜಿಯ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದರು. ಒಂದು ಬಡಿತ ಆದ ಮೇಲೆ ಮುಂದಿನದಕ್ಕೆ ಸಿದ್ಧವಾಗಲು ಇವಳ ಹೃದಯ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಓಡುವಾಗ, ಈಜುವಾಗ ಆ ಅಂತರದಲ್ಲಿ ತಾಳ ತಪ್ಪಿದರೆ ರಕ್ತ ಹೋಗುವುದು ನಿಲ್ಲುತ್ತದೆ. ಅವತ್ತು ತಾನಾಗಿಯೇ ಸರಿಹೋಗಿತ್ತು. ಪ್ರತಿ ಸಲ ಹಾಗಾಗುತ್ತದೆ ಎನ್ನುವಂತಿಲ್ಲ. ಹುಟ್ಟಿನಿಂದ ಬಂದದ್ದು, ವಂಶದಲ್ಲಿ ಇಳಿದು ಬರುವಂಥದ್ದು. ದಿನಾ ಮಾತ್ರೆ ತೆಗೆದುಕೊಳ್ಳಬೇಕು. ಆಟ ಸದ್ಯಕ್ಕೆ ಇಲ್ಲ.

ಮಗಳು "ಸದ್ಯಕ್ಕೆ" ಎನ್ನುವುದರ ಬಗ್ಗೆ ಎರಡು ಪ್ರಶ್ನೆ ಕೇಳಿದಳು. ಉಳಿದದ್ದನ್ನು ಕೇಳಲಿಲ್ಲ. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಅತ್ತಳು. ಮನೆ ಬಂದರೂ ಇಳಿಯಲಿಲ್ಲ. ನಾವಿಬ್ಬರೂ ಎಂಜಿನ್ ಆಫ್ ಮಾಡದೆ ಎಸಿ ಹಾಕಿಕೊಂಡು ಗರಾಜಿನ ಹೊರಗೆ ಕೂತೆವು.

ನಮ್ಮಿಬ್ಬರನ್ನೂ ಪರೀಕ್ಷೆ ಮಾಡಿದರು. ನನ್ನದು ಸರಿಯಿತ್ತು. ಹೆಂಡತಿಗೆ ಇತ್ತು. ಮೈಸೂರಿನಲ್ಲಿ ಅತ್ತೆಗೂ ಇಸಿಜಿ ಮಾಡಿಸಿದೆವು. "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಅನ್ನುತ್ತಲೇ ಹೋಗಿದ್ದರು; ಅವರಿಗೂ ಇತ್ತು. ಹೆಂಡತಿ ಸ್ಪೀಕರಿನಲ್ಲಿ ಅವರಿಗೆ ವಿವರಿಸಿದಳು: ಹೊಳೆಯಲ್ಲಿ ಹೋದ ಮಾವನಿಗೆ ಆದದ್ದು ಸುಳಿ ಅಲ್ಲದಿರಬಹುದು, ಇದೇ ಇರಬಹುದು.

"ಹಾಗಾದ್ರೆ ಅವನು ಒದ್ದಾಡ್ಲಿಲ್ಲ ಅಲ್ವೇನೇ?" ಅಂದರು ಅತ್ತೆ.

"ಇಲ್ಲಮ್ಮ," ಅಂದಳು ನನ್ನ ಹೆಂಡತಿ. "ಗೊತ್ತೇ ಆಗಿರಲ್ಲ ಅವನಿಗೆ."

ಅದನ್ನು ಖಚಿತಪಡಿಸುವವರು ಯಾರೂ ಇರಲಿಲ್ಲ. ನಾನು ಅದನ್ನು ತಿದ್ದಲು ಹೋಗಲಿಲ್ಲ.

ಟೂರ್ನಿ ನಡೆದೇ ಇತ್ತು. ಡೆನ್ಮಾರ್ಕ್ ಮುಂದಿನ ಪಂದ್ಯವನ್ನೂ ಸೋತು, ಆಮೇಲೆ ಗೆಲ್ಲುತ್ತಾ ಗೆಲ್ಲುತ್ತಾ ಸೆಮಿಫೈನಲ್‌ವರೆಗೆ ಹೋಯಿತು. ಮಗಳು ಒಂದನ್ನೂ ಬಿಡದೆ ನೋಡಿದಳು. ನನಗೆ ಆಗಲಿಲ್ಲ. ಯಾರಾದರೂ ಹುಲ್ಲಿನ ಮೇಲೆ ಬಿದ್ದರೆ, ಎದುರಾಳಿ ತಳ್ಳಿ ಬಿದ್ದರೂ ಸರಿ, ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಆ ಹತ್ತನೇ ನಂಬರಿನವನು ಎದೆಯಲ್ಲಿ ಬಡಿತ ಸರಿಪಡಿಸುವ ಯಂತ್ರ ಇಡಿಸಿಕೊಂಡು, ಮುಂದಿನ ವರ್ಷ ಮತ್ತೆ ಆಡಲು ಇಳಿದ ಸುದ್ದಿಯನ್ನು ಅವಳೇ ಬಂದು ಹೇಳಿದಳು. ಹೇಳಿ ನನ್ನ ಮುಖ ನೋಡುತ್ತಾ ನಿಂತಳು.

ಅದಾದ ಸ್ವಲ್ಪ ದಿನಕ್ಕೆ ಡಾಕ್ಟರ ಹತ್ತಿರ ಹೋದೆವು. ಮಾತ್ರೆ ತಪ್ಪಿಸಿಲ್ಲ, ಮತ್ತೆ ಬಿದ್ದಿಲ್ಲ, ಓಡಿಸಿ ಮಾಡಿದ ಪರೀಕ್ಷೆಯೂ ಚೆನ್ನಾಗಿ ಬಂದಿದೆ. ಹಿಂದೆಲ್ಲ ಇಂಥವರಿಗೆ ಆಟ ಬೇಡವೇ ಬೇಡ ಅನ್ನುತ್ತಿದ್ದೆವು, ಈಗ ಹಾಗೆ ಹೇಳುವುದಿಲ್ಲ ಅಂದರು ಡಾಕ್ಟರು. ಎದೆಗೆ ಶಾಕ್ ಕೊಡುವ ಯಂತ್ರ ಮೈದಾನದಲ್ಲಿ ಇರಬೇಕು, ಅದನ್ನು ಬಳಸಲು ಗೊತ್ತಿರುವವರು ಇರಬೇಕು. ಅಪಾಯ ಸೊನ್ನೆ ಅಲ್ಲ. ನೀವು ಮೂವರೂ ಕೂತು ತೀರ್ಮಾನ ಮಾಡಿ.

ನನಗೆ ಬೇಕಾಗಿದ್ದದ್ದು ಅವರ ಬಾಯಿಂದ "ಬೇಡ" ಎನ್ನುವ ಒಂದು ಮಾತು. ಮನೆಗೆ ಬಂದು ಹೆಂಡತಿಗೆ ಅದನ್ನೇ ಹೇಳಿದೆ.

"ರೀ, ನನಗೂ ಇದೆ ಅದು," ಅಂದಳು. "ನಾಳೆಯಿಂದ ನಾನೂ ಮೆಟ್ಟಿಲು ಹತ್ತೋದು ಬಿಡ್ಲಾ?"

"ನೀನು ಫುಟ್‌ಬಾಲ್ ಆಡ್ತಿಲ್ಲ."

"ಅವಳು ಆಡ್ತಾಳೆ. ಅವಳು ಅದನ್ನ ಬಿಟ್ಟು ಇಷ್ಟು ತಿಂಗಳಲ್ಲಿ ಏನಾಗಿದಾಳೆ ನೋಡಿದೀರಾ? ಅದನ್ನೂ ನೋಡಿ ಸ್ವಲ್ಪ."

ನೋಡಿದ್ದೆ. ಬಾಗಿಲು ಹಾಕಿಕೊಂಡಿರುತ್ತಿದ್ದಳು. ತಂಡದ ಹುಡುಗಿಯರ ಫೋನ್ ಎತ್ತುತ್ತಿರಲಿಲ್ಲ.

ನಾನು ಶಾಕ್ ಯಂತ್ರದ ತರಬೇತಿಗೆ ಹೋದೆ. ರಬ್ಬರ್ ಬೊಂಬೆಯ ಎದೆ ಒತ್ತಿದೆ. ಕಲಿಸುವಾಕೆ ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಎನ್ನುತ್ತಿದ್ದರು. ಆ ಬೊಂಬೆಗೆ ಮುಖ ಇತ್ತು. ಆ ಕಡೆ ನೋಡದೆ ಮಾಡಲು ಕಲಿತೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅವಳ ಮೊದಲ ಪಂದ್ಯ. ದ್ವಿತೀಯಾರ್ಧದಲ್ಲಿ ಇಳಿಸಿದರು. ನಾನು ಯಂತ್ರದ ಕೆಂಪು ಚೀಲವನ್ನು ಹೆಗಲಿಗೆ ಹಾಕಿಕೊಂಡು ಗೆರೆಯ ಮೇಲೇ ನಿಂತಿದ್ದೆ. ಅವಳು ಬಲಕ್ಕೆ ಓಡಿದರೆ ನಾನೂ ಹೊರಗಿನಿಂದ ಬಲಕ್ಕೆ, ಎಡಕ್ಕೆ ಬಂದರೆ ಎಡಕ್ಕೆ. ಚೆಂಡು ಹೊರಗೆ ಹೋದಾಗ ಎಸೆಯಲು ಅವಳೇ ನನ್ನ ಹತ್ತಿರ ಬಂದಳು.

"ಅಪ್ಪ, ಸ್ಟಾಪ್ ಫಾಲೋಯಿಂಗ್ ಮಿ. ನಮ್ಮ ಡಿಫೆಂಡರ್ಸ್ ಎಲ್ಲ ನಿನ್ನನ್ನೇ ನೋಡ್ತಿದಾರೆ. ಅಲ್ಲಿ ಹೋಗಿ ಕೂತ್ಕೊ."

"ಉಸಿರು ಸರಿಯಾಗಿದೆಯಾ?"

"ನಂದು ಇದೆ," ಅಂದಳು. "ನಿಂದು?"

ಅವಳು ಚೆಂಡನ್ನು ತಲೆಯ ಹಿಂದಕ್ಕೆ ತಂದು ಎಸೆದು, ಅದರ ಹಿಂದೆಯೇ ಓಡಿದಳು. ಹೆಂಡತಿ ತನ್ನ ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗು ತೆಗೆದು ನನಗೆ ಜಾಗ ಮಾಡಿದಳು. ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಜಿಪ್ ತೆರೆದು ಕೂತೆ. ಹೆಂಡತಿ ಒಂದು ಸಲ ಅದನ್ನು ಮುಚ್ಚಿದಳು. ನಾನು ಮತ್ತೆ ತೆರೆದೆ. ಆಮೇಲೆ ಅವಳು ಅದನ್ನು ಮುಚ್ಚಲು ಬರಲಿಲ್ಲ.