ಹದಿನಾಲ್ಕು ಪೆಟ್ಟಿಗೆ ಜೇನು, ಒಂದು ಫೋನು

ನನ್ನದು ಮದುವೆ ವಿಡಿಯೋ ತೆಗೆಯುವ ಕಸುಬು. ದೊಡ್ಡಬಳ್ಳಾಪುರದ ಸುತ್ತಮುತ್ತಲಿನ ಛತ್ರಗಳಲ್ಲಿ ಧಾರೆ, ಆರತಕ್ಷತೆ, ಊಟದ ಪಂಕ್ತಿ ಇವನ್ನೇ ತೆಗೆದು ತೆಗೆದು, ನನಗೂ ಏನಾದರೂ ದೊಡ್ಡದು ಮಾಡಬೇಕೆಂಬ ಚಪಲ ಹತ್ತಿತು. ಜೇನಿನ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತೇನೆ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಹೇಳಿಕೊಂಡ ಮೇಲೆ ಮಾಡದೆ ವಿಧಿಯಿರಲಿಲ್ಲ.

ಸಾಸಲು ಕಡೆಯ ಒಂದು ಹಳ್ಳಿಯಲ್ಲಿ ಜೇನು ಸಾಕುವ ಒಬ್ಬ ಅಕ್ಕ ಸಿಕ್ಕರು. ಐವತ್ತು ದಾಟಿದ ಹೆಂಗಸು. ಹೊಂಗೆ ಮರಗಳ ಕೆಳಗೆ ಹದಿನಾಲ್ಕು ಪೆಟ್ಟಿಗೆ ಇಟ್ಟಿದ್ದರು. ಪ್ರತಿಯೊಂದು ಪೆಟ್ಟಿಗೆಯ ಜೇನನ್ನೂ ಹುತ್ತದಿಂದಲೋ ಮರದ ಪೊಟರೆಯಿಂದಲೋ ತಾವೇ ಕೈಯಾರೆ ಹಿಡಿದು ತಂದಿದ್ದರು. ಯಾವುದು ಎಲ್ಲಿ ಸಿಕ್ಕಿತು ಅಂತ ಕೇಳಿದರೆ, ತಮ್ಮ ಹೆರಿಗೆಯ ಕಥೆ ಹೇಳುವವರ ಹಾಗೆ ಒಂದೊಂದನ್ನೂ ವಿವರವಾಗಿ ಹೇಳುತ್ತಿದ್ದರು.

ಬೇಲಿಯಾಚೆ ಇನ್ನೊಬ್ಬ ರೈತನ ಅವರೆಕಾಯಿ ಹೊಲ. ಮಾಗಿ ಚಳಿಗೆ ಹೊಲ ಪೂರ್ತಿ ಹೂವಾಗಿತ್ತು, ಅಕ್ಕನ ಜೇನೆಲ್ಲ ಅಲ್ಲೇ ಮೇಯುತ್ತಿದ್ದವು. ಹೂವಿನ ಜೊತೆಗೇ ಕಾಯಿಕೊರಕ ಹುಳವೂ ಬರುತ್ತದೆ. ಹುಳ ಬಂದರೆ ಔಷಧಿ ಹೊಡೆಯಬೇಕು. ಅದಕ್ಕೆ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದರು. ಔಷಧಿ ಹೊಡೆಯುವ ಹಿಂದಿನ ಸಂಜೆ ಆತ ಫೋನ್ ಮಾಡಬೇಕು. ಜೇನೆಲ್ಲ ಗೂಡು ಸೇರಿದ ಮೇಲೆ ಅಕ್ಕ ಪೆಟ್ಟಿಗೆಗಳ ಬಾಗಿಲಿಗೆ ಜಾಲರಿ ತುಂಡು ಕಟ್ಟಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಮಾರನೆಯ ದಿನ ಪೂರ್ತಿ ಮುಚ್ಚಿಡಬೇಕು. ಐದಾರು ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು.

ಇದನ್ನು ಅಕ್ಕ ನನ್ನ ಕ್ಯಾಮೆರಾ ಮುಂದೆಯೇ ಹೇಳಿದರು. "ಅವ್ನು ಒಂದ್ ಫೋನ್ ಮಾಡಿದ್ರೆ ಸಾಕು ಕಣಪ್ಪ, ನನ್ ಜೇನು ಉಳ್ಕೊಂತವೆ. ಮಾಡ್ದಿದ್ರೆ ಒಂದೂ ಉಳಿಯಾಕಿಲ್ಲ."

ಮಾತು ಚೆನ್ನಾಗಿ ಬಂತು ಅಂತ ನಾನು ಒಳಗೊಳಗೇ ಹಿಗ್ಗಿದೆ. ಆ ಹೊತ್ತಿನಲ್ಲಿ ಅವರ ಫೋನು ಸ್ವಿಚ್ ಆಫ್ ಆಗಿ ನನ್ನ ಬ್ಯಾಗಿನಲ್ಲಿತ್ತು.

ಅದು ಮದುವೆಮನೆಯ ಅಭ್ಯಾಸ. ಹತ್ತಿರ ಫೋನಿದ್ದರೆ ಮೈಕಿನಲ್ಲಿ ಟರ್ ಟರ್ ಅಂತ ಸದ್ದು ಬರುತ್ತದೆ. ಮುಹೂರ್ತದ ಹೊತ್ತಿಗೆ ಮದುಮಗನ ಫೋನನ್ನೇ ಕಿತ್ತುಕೊಂಡು, ಆಫ್ ಮಾಡಿ ಬ್ಯಾಗಿಗೆ ಹಾಕುವವನು ನಾನು. ಅಲ್ಲಿ ಆಮೇಲೆ ಹತ್ತು ಜನ ಬಂದು ಕೇಳುತ್ತಾರೆ. ಇಲ್ಲಿ ಯಾರು ಕೇಳಬೇಕು? ಬೆಳಕು ಕಮ್ಮಿಯಾಯಿತು, ಟ್ರೈಪಾಡು ಮಡಚಿದೆ, ಅಕ್ಕ ಕೊಟ್ಟ ಕಾಫಿ ಕುಡಿದು ಬೈಕ್ ಹತ್ತಿದೆ. ಅವರು ಹಾಲು ಕರೆಯಲು ಹೋದರು. ಫೋನು ಮನೆಯಲ್ಲೆಲ್ಲೋ ಬಿದ್ದಿರಬೇಕು, ಬೆಳಿಗ್ಗೆ ಹುಡುಕಿದರಾಯಿತು ಅಂದುಕೊಂಡರಂತೆ.

ಮಾರನೆಯ ಬೆಳಿಗ್ಗೆ ಬ್ಯಾಟರಿ ಚಾರ್ಜಿಗೆ ಹಾಕಲು ಬ್ಯಾಗ್ ಬಿಚ್ಚಿದಾಗ ಅದು ಕೈಗೆ ಸಿಕ್ಕಿತು. ಆನ್ ಮಾಡಿದೆ. ಹಿಂದಿನ ಸಂಜೆ ಮೂರು ಸಲ ಕರೆ ಬಂದಿತ್ತು ಅಂತ ಮೆಸೇಜು, ಮೂರೂ ಒಂದೇ ನಂಬರಿನಿಂದ. ಅವರೆ ಹೊಲದವನದೇ ಇರಬೇಕು. ಬೈಕ್ ಹೇಗೆ ಓಡಿಸಿದೆನೋ ನೆನಪಿಲ್ಲ.

ನಾನು ಹೋಗುವಷ್ಟರಲ್ಲಿ ಬಿಸಿಲೇರಿತ್ತು. ಅಕ್ಕ ಪೆಟ್ಟಿಗೆಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ನೆಲದ ತುಂಬ ಜೇನು. ಸತ್ತವು ಸುಮ್ಮನಿದ್ದವು, ಸಾಯದವು ಅಂಗಾತ ಬಿದ್ದು ಗಿರಗಿರ ಸುತ್ತುತ್ತಿದ್ದವು, ನಾಲಗೆ ಹೊರಚಾಚಿ ನಡುಗುತ್ತಿದ್ದವು. ಹೊಲದಿಂದ ಇನ್ನೂ ಬರುತ್ತಲೇ ಇದ್ದವು, ಬಾಗಿಲವರೆಗೆ ಬಂದು ಉದುರುತ್ತಿದ್ದವು. ಅಕ್ಕ ಒಂದೊಂದನ್ನೇ ಅಂಗೈ ಮೇಲೆ ಎತ್ತಿಕೊಂಡು ಬಾಗಿಲ ಬಳಿ ಬಿಡುತ್ತಿದ್ದರು. ಅವು ಮತ್ತೆ ಕೆಳಗೆ ಬೀಳುತ್ತಿದ್ದವು.

ನಾನು ಮಾಡಿದ್ದೇನು ಗೊತ್ತೆ? ಕ್ಯಾಮೆರಾ ತೆಗೆದೆ. ಅವರ ಫೋನನ್ನು ಜೇಬಿನಲ್ಲಿಟ್ಟುಕೊಂಡೇ, ಮಂಡಿಯೂರಿ, ಸಾಯುತ್ತಿದ್ದ ಹುಳುಗಳನ್ನು ಹತ್ತಿರದಿಂದ ಚಿತ್ರೀಕರಿಸಿದೆ. ಈಗ ನೆನೆಸಿಕೊಂಡರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಅಷ್ಟರಲ್ಲಿ ಅವರೆ ಹೊಲದ ರೈತ ಬೇಲಿ ದಾಟಿ ಬಂದ. ಔಷಧಿ ಕ್ಯಾನು ಇನ್ನೂ ಬೆನ್ನ ಮೇಲೇ ಇತ್ತು. ನೆಲ ನೋಡಿ ನಿಂತುಬಿಟ್ಟ. ಆತನ ಮುಖವನ್ನೂ ತೆಗೆದುಕೊಂಡೆ.

"ಅಕ್ಕ, ಮೂರ್ ಸಲ ಫೋನ್ ಮಾಡ್ದೆ, ಸ್ವಿಚ್ ಆಫ್ ಅಂತಿತ್ತು. ಹುಳ ಬಿದ್ದೈತೆ ಅಂತ ಮೊನ್ನೇನೇ ಹೇಳಿದ್ನಲ್ಲ, ಮುಚ್ಚಿರ್ತೀಯ ಅನ್ಕೊಂಡ್ಬಿಟ್ಟೆ," ಅಂದ.

ಫೋನನ್ನು ಯಾರ ಕೈಗೆ ಕೊಟ್ಟಿದ್ದೆ ಅಂತ ಅಕ್ಕನಿಗೆ ಆಗ ನೆನಪಾಗಿರಬೇಕು. ನನ್ನ ಮುಖ ನೋಡಿದರು. ನಾನು ಕ್ಯಾಮೆರಾ ಕೆಳಗಿಳಿಸಿದೆ.

"ಚಾರ್ಜ್ ಇರ್ಲಿಲ್ಲ ಕಣೋ. ನಂದೇ ತಪ್ಪು," ಅಂತ ಅವರು ಆತನಿಗೆ ಹೇಳಿದರು.

ಆತ ಹೋದ ಮೇಲೆ ನನ್ನ ಕಡೆ ಕೈ ಚಾಚಿದರು. ಫೋನು ಕೊಟ್ಟೆ. ವಾರದೊಳಗೆ ಹದಿನಾಲ್ಕು ಪೆಟ್ಟಿಗೆಯೂ ಖಾಲಿಯಾದವು.

ನಾನು ಸಿನಿಮಾ ಮುಗಿಸಿದೆ. ಹನ್ನೊಂದು ನಿಮಿಷ. ಅಕ್ಕ ಹೇಳಿದ ಒಪ್ಪಂದದ ಮಾತು, ಆಮೇಲೆ ಸತ್ತ ಜೇನು, ಆಮೇಲೆ ಕ್ಯಾನು ಹೊತ್ತು ನಿಂತ ಆತನ ಮುಖ. ಸುಳ್ಳು ಒಂದೂ ಹೇಳಿರಲಿಲ್ಲ, ಜೋಡಿಸಿದ್ದೆ ಅಷ್ಟೆ. ದೊಡ್ಡಬಳ್ಳಾಪುರದ ಒಂದು ಸಣ್ಣ ಸಭಾಂಗಣದಲ್ಲಿ ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು. ಒಬ್ಬರು ಎದ್ದು, "ಒಂದ್ ಫೋನ್ ಮಾಡೋಕೆ ಏನ್ ರೋಗ ಅವ್ನಿಗೆ?" ಅಂದರು. ಮೈಕು ನನ್ನ ಕೈಯಲ್ಲೇ ಇತ್ತು. ತಲೆ ತಗ್ಗಿಸಿದೆ. ದುಃಖಕ್ಕೆ ಅಂತ ಅವರು ತಿಳಿದಿರಬೇಕು.

ಅಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದರು. ಬಸ್ಸು ಹತ್ತಿಸಲು ಜೊತೆಗೆ ಹೋದವನು, ಹೇಗಿತ್ತಕ್ಕ ಅಂತ ಕೇಳಿದೆ.

"ನಿನ್ ಮಾನ ಹೋಗ್ಬಾರ್ದು ಅಂತ ಅವತ್ತು ನಾನು ಸುಳ್ಳು ಹೇಳ್ದೆ. ಅವ್ನ್ ಮಾನ ತೆಗಿ ಅಂತ ಹೇಳಿರ್ಲಿಲ್ಲ ಕಣಪ್ಪ. ಅವ್ನು ಫೋನ್ ಮಾಡಿದ್ದ."

ಆತನ ಮುಖವನ್ನು ಅವತ್ತೇ ಕತ್ತರಿಸಿ ತೆಗೆದೆ. ಕತ್ತರಿಸುವುದು ನನಗೆ ಸುಲಭ, ಅದೇ ನನ್ನ ಕಸುಬು. ಫೋನಿನ ವಿಷಯ ಸೇರಿಸಲು ಎರಡು ಸಲ ಕೂತೆ. ನನ್ನ ಧ್ವನಿಯಲ್ಲೇ ಹೇಳಿ ಮುದ್ರಿಸಿಕೊಂಡೆ, ಎರಡು ಸಲವೂ ಅಳಿಸಿದೆ. ಸಿನಿಮಾ ಈಗ ಹತ್ತು ನಿಮಿಷ ನಲವತ್ತು ಸೆಕೆಂಡು ಇದೆ. ಅದರಲ್ಲಿ ಜೇನು ಕೊಂದವರು ಯಾರೂ ಇಲ್ಲ.