ಕಂಚೀಕೊಪ್ಪದ ಬಟನ್

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಅಂದುಕೊಳ್ಳುವವಳು ನಾನು. ಎಂಬತ್ತರ ದಶಕದ ಕೊನೆಯಲ್ಲಿ ಭದ್ರಾವತಿಯಿಂದ ಸಾಗರಕ್ಕೆ ಬಂದು, ಒಂದು ಖಾಸಗಿ ಬಸ್ ಕಚೇರಿಯಲ್ಲಿ ಪ್ರೋಗ್ರಾಂ ಬರೆಯಲು ಕಂಪ್ಯೂಟರ್ ಮುಂದೆ ಕೂತಾಗಲೂ ಆ ಗುಣ ಜೊತೆಗೇ ಬಂದಿತ್ತು. ಮಾಲೀಕರು ಕೊಟ್ಟ ಕೆಲಸ ಒಂದೇ: ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸುಗಳ ಪಾರ್ಸೆಲ್ ಚೀಟಿ ಇನ್ನು ಮೆಷಿನ್ನಿನಲ್ಲಿ ಬರಬೇಕು.

ಅಲ್ಲಿಯವರೆಗೆ ಚೀಟಿ ಬರೆಯುತ್ತಿದ್ದವರು ಬುಕಿಂಗ್ ಏಜೆಂಟರು. ಐವತ್ತೈದು ದಾಟಿತ್ತು, ಮಾತು ಕಡಿಮೆ. ಮೆಷಿನ್ ನೆಟ್ಟಗೆ ನಡೆದರೆ ಅವರ ಕುರ್ಚಿ ಹೋಗುತ್ತದೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಈ ಮನುಷ್ಯ ಏನಾದರೂ ಕಿತಾಪತಿ ಮಾಡದೆ ಬಿಡುವುದಿಲ್ಲ ಎಂದು ಮೊದಲ ದಿನವೇ ತೀರ್ಮಾನಿಸಿದೆ.

ಬಸ್ಸು ನಿಲ್ಲುವ ಜಾಗಗಳ ಪಟ್ಟಿ ಕೊಡಿ ಎಂದು ಅವರನ್ನು ಕೇಳಿದೆ.

"ಪಟ್ಟಿ ಎಂತದು ಮಾರಾಯ್ತಿ, ಕೈ ತೋರ್ಸಿದಲ್ಲೆಲ್ಲ ನಿಲ್ಲತ್ತೆ," ಎಂದರು.

ಪಟ್ಟಿಯೇ ಇಲ್ಲದ ಮೇಲೆ ಪರದೆಯ ಮೇಲೆ ಊರಿಗೊಂದು ಬಟನ್ ಮೊದಲೇ ಜೋಡಿಸಿಡುವುದು ಹೇಗೆ? ಒಂದು ಉಪಾಯ ಹೊಳೆಯಿತು. ಕೆಳಗಿನ ಖಾಲಿ ಚೌಕದಲ್ಲಿ ಊರಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ, ಮೇಲೆ ಆ ಹೆಸರಿನದೊಂದು ಬಟನ್ ತಾನಾಗಿ ಹುಟ್ಟಬೇಕು. ಮೌಸಿನಿಂದ ಅದನ್ನು ಒತ್ತಿದರೆ ಚೀಟಿ ಅಚ್ಚಾಗಬೇಕು. ಕನ್ನಡ ಅಕ್ಷರ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಊರುಗಳು. ಮೊದಲ ಬಟನ್ ಮೂಡಿದಾಗ ಕುಣಿಯುವಷ್ಟು ಖುಷಿಯಾಗಿತ್ತು.

ಖುಷಿ ಒಂದು ದಿನ ಉಳಿಯಿತು. ಮರುದಿನ ಯಾವ ಬಟನ್ ಒತ್ತಿದರೂ ಕೊನೆಗೆ ಟೈಪ್ ಮಾಡಿದ ಊರಿನ ಚೀಟಿಯೇ ಬಂತು. ಹೊಸನಗರದ ಗಂಟಿಗೂ ತೀರ್ಥಹಳ್ಳಿಯ ಚೀಟಿ. ಏಜೆಂಟರೇ ಏನೋ ಮಾಡಿದ್ದಾರೆ ಎಂದು ಅವರತ್ತ ಕಣ್ಣು ಕೆಕ್ಕರಿಸಿದೆ. ಆಮೇಲೆ ನೋಡಿದರೆ ತಪ್ಪು ನನ್ನದು: ಪ್ರತಿ ಬಟನ್ನಿಗೂ ಅದರದರ ಹೆಸರು ಬರೆದುಕೊಡುವ ಬದಲು, ಎಲ್ಲಕ್ಕೂ ಆ ಕೆಳಗಿನ ಚೌಕವನ್ನೇ ನೋಡಿಕೊಳ್ಳಿ ಎಂದು ಹೇಳಿಟ್ಟಿದ್ದೆ. ಸರಿಮಾಡಿದೆ. ಅವರಿಗೆ ಮಾತ್ರ ಹೇಳಲಿಲ್ಲ.

ಏಜೆಂಟರು ಒಂದೇ ಬೆರಳಿನಲ್ಲಿ ಟೈಪ್ ಮಾಡಲು ಕಲಿತರು. ವಾರದಲ್ಲಿ ಪರದೆ ತುಂಬಿತು. ಅದರಲ್ಲಿ ಒಂದು ಬಟನ್ ಕಂಚೀಕೊಪ್ಪ. ಬಸ್ಸಿನ ಪರ್ಮಿಟ್ಟಿನಲ್ಲಿ ಆ ಹೆಸರಿಲ್ಲ, ಗೋಡೆಯ ಮೇಲಿನ ತಾಲೂಕು ನಕ್ಷೆಯಲ್ಲೂ ಇಲ್ಲ. ಆದರೆ ಅವರು ವಾರಕ್ಕೆ ನಾಲ್ಕೈದು ಸಲ ಅದನ್ನೇ ಒತ್ತುತ್ತಿದ್ದರು. ಇಲ್ಲದ ಊರಿಗೆ ಯಾರ ಗಂಟು ಹೋಗುತ್ತದೆ?

"ಈ ಊರು ಎಲ್ಲಿದೆ?" ಎಂದು ಕೇಳಿದೆ.

"ನೀರಿನಡಿಗೆ," ಎಂದರು, ತಲೆ ಎತ್ತದೆ.

ನನ್ನನ್ನು ಗೇಲಿ ಮಾಡುತ್ತಿದ್ದಾರೆ ಎಂದು ಮೈಯೆಲ್ಲ ಉರಿದುಹೋಯಿತು. ಸೀದಾ ಮಾಲೀಕರ ಹತ್ತಿರ ಹೋಗಿ, ಏಜೆಂಟರು ಸುಳ್ಳು ಊರು ಸೃಷ್ಟಿಸಿ ಏನೇನೋ ಸಾಗಿಸುತ್ತಿದ್ದಾರೆ ಎಂದೆ. ಮಾಲೀಕರಿಗೂ ಅವರನ್ನು ಕೆಲಸ ಬಿಡಿಸಲು ಒಂದು ನೆಪ ಬೇಕಿತ್ತೇನೋ, ಹೆಚ್ಚು ವಿಚಾರಿಸಲಿಲ್ಲ. ಸಂಜೆ ಏಜೆಂಟರು ಮೊಳೆಗೆ ತಗುಲಿಸಿದ್ದ ಚೀಲ ತೆಗೆದುಕೊಂಡು ಹೊರಟರು. ನಾನು ಕಂಚೀಕೊಪ್ಪದ ಬಟನ್ ಅಳಿಸಿದೆ.

ಮೂರನೇ ದಿನ ಒಬ್ಬ ಹೆಂಗಸು ಔಷಧಿ ಬಾಟಲಿಗಳ ಗಂಟು ತಂದು ಮೇಜಿನ ಮೇಲಿಟ್ಟಳು. "ಅಮ್ಮಂಗೆ. ಕಂಚೀಕೊಪ್ಪಕ್ಕೆ."

ಅಂಥ ಊರೇ ಇಲ್ಲ ಎಂದೆ.

"ಇಲ್ದೆ ಎಂತ? ಡ್ಯಾಮಿನ ನೀರು ಬಂದು ಊರು ಮುಳುಗಿ ಇಪ್ಪತ್ತೈದು ವರ್ಷ ಆಗ್ತಾ ಬಂತು. ಊರು ಮುಳುಗ್ತು, ನಾವೇನ್ ಮುಳುಗಿದೀವಾ? ಮೇಲೆ ಬಂದು ರಸ್ತೆ ಬದೀಲಿ ಮನೆ ಕಟ್ಕಂಡ್ವಿ. ಬಸ್ಸಿನೋರು ಹಳೇ ಹೆಸ್ರು ಕೂಗೇ ನಿಲ್ಲಿಸ್ತಾರೆ." ಆಮೇಲೆ ಸುತ್ತ ನೋಡಿದಳು. "ಎಲ್ಲಿ, ನಮ್ಮೂರ ಏಜೆಂಟ್ರು ಕಾಣ್ಸಲ್ಲ?"

ನಾಚಿಕೆಯಿಂದ ಸತ್ತೆ. ಆ ಮನುಷ್ಯ ನನಗೆ ನಿಜವನ್ನೇ ಹೇಳಿದ್ದರು. ಹೆಸರು ಮತ್ತೆ ಟೈಪ್ ಮಾಡಿದೆ; ಬಟನ್ ಏನೂ ಆಗಿಲ್ಲವೆಂಬಂತೆ ಬಂತು. ಚೀಟಿ ಅಂಟಿಸಿ ಔಷಧಿ ಕಳಿಸಿ, ಮಾಲೀಕರ ಬಳಿ ಹೋಗಿ ತಪ್ಪು ನನ್ನದು, ಅವರನ್ನು ಕರೆಸಿ ಎಂದೆ.

"ಚೀಟಿ ಬರ್ತಾ ಇದೆಯಲ್ಲ, ಬಿಡಿ," ಎಂದರು.

ಭಾನುವಾರ ಬಸ್ಸು ಹತ್ತಿ ಕಂಚೀಕೊಪ್ಪಕ್ಕೆ ಟಿಕೆಟ್ ಕೇಳಿದೆ. ಕಂಡಕ್ಟರ್ ಮರುಮಾತಿಲ್ಲದೆ ಹರಿದು ಕೊಟ್ಟ. ಅಲ್ಲಿ ಇಳಿದವರು ಏಳೆಂಟು ಜನ. ಏಜೆಂಟರ ಮನೆ ರಸ್ತೆಗೇ ಇತ್ತು. ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟರು. ಬಯ್ಯಲಿಲ್ಲ, ಬೈದಿದ್ದರೆ ಸಮಾಧಾನವಾಗುತ್ತಿತ್ತು.

"ತಪ್ಪಾಯ್ತು. ಬಟನ್ ವಾಪಸ್ ಹಾಕಿದೀನಿ," ಎಂದೆ.

"ಕಂಡೆ. ಔಷಧಿ ಗಂಟಿನ ಮೇಲೆ ಊರಿನ ಹೆಸ್ರು ಚೆಂದ ಬಂದಿತ್ತು." ಖಾಲಿ ಲೋಟ ಎತ್ತಿಟ್ಟು ಕೇಳಿದರು: "ನನ್ ಕುರ್ಚಿ ಮೇಲೆ ಈಗ ಎಂತ ಇಟ್ಟಿದೀರಿ?"

"ಪ್ರಿಂಟರ್," ಎಂದೆ.